ಕೀಲೆಣ್ಣೆ

ಮಂಡ್ಯದಲ್ಲಿ 1933ರಲ್ಲಿ ಸ್ಥಾಪಿತವಾದ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊತ್ತು ಸಾಲುಗಟ್ಟಿ ಬರುತ್ತಿದ್ದ ಎತ್ತಿನ ಗಾಡಿಗಳನ್ನು ಕಂಡವರಿಗೆ ಕೀಲೆಣ್ಣೆಯ ಮಹಿಮೆಯನ್ನು ಹೇಳಬೇಕಾಗಿಲ್ಲ. ಗಾಡಿಕಾರನು ತಾನು ಉಣ್ಣಲು ಮರೆತರೂ ಅಚ್ಚಿಗೆ ಎಣ್ಣೆ ಉಣಿಸಲು ಮರೆಯುತ್ತಿರಲಿಲ್ಲ. ಮರೆತರೆ ಚಕ್ರವೇ ಊರಿಗೆಲ್ಲ ಕೇಳುವಂತೆ ಕಿರಿಚಿ ದೂರುತ್ತಿತ್ತು. ಮೋಟಾರು ಎಂಜಿನ್ನಿನ ಸ್ವಭಾವ ಬೇರೆ. ಅದು ಬಾಯಿಬಿಡುವಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ.

ಮಳವಳ್ಳಿಯ ನಿವೃತ್ತ ಮೇಷ್ಟ್ರೊಬ್ಬರಿಗೆ ಈ ಪಾಠವಾದುದು ಮದ್ದೂರಿನ ಒಂದು ರಿಪೇರಿ ಷೆಡ್ಡಿನಲ್ಲಿ. ಅವರದು ಹಳೆಯ ಅಂಬಾಸಿಡರ್ ಕಾರು. ಅದರ ತಯಾರಿಕೆ 2014ರಲ್ಲಿಯೇ ನಿಂತುಹೋಗಿದೆ. ಮಗಳು ಹುಟ್ಟಿದಾಗ ಮಂಡ್ಯದ ಆಸ್ಪತ್ರೆಯಿಂದ ಮನೆಗೆ ಬಂದದ್ದು ಆ ಕಾರಿನಲ್ಲಿ. ಮದುವೆಯಾಗಿ ಹೊರಡುವುದೂ ಅದರಲ್ಲಿಯೇ ಆಗಬೇಕೆಂಬುದು ತಂದೆಯ ಆಸೆ. ಪಿಂಚಣಿಯಲ್ಲಿ ಉಳಿಸಿದ ಹಣ ಬೋರಿಂಗಿಗೂ ಕ್ರ್ಯಾಂಕ್ ಗ್ರೈಂಡಿಂಗಿಗೂ ಕರಗಿತ್ತು. ಮದುವೆಗೆ ಉಳಿದದ್ದು ವಾರವೊಂದೇ.

“ನಾಳೆಗೆ ಕೊಟ್ಟುಬಿಡಪ್ಪ,” ಎಂದರು ಮೇಷ್ಟ್ರು.

“ಇನ್ನೆರಡು ದಿನ ತಾಳಿ ಮೇಷ್ಟ್ರೇ. ಎಣ್ಣೆ ಕುಡೀದೆ ತಿರುಗಿದ್ರೆ ನಿಮ್ಮ ದುಡ್ಡೆಲ್ಲ ಒಂದು ಗಳಿಗೇಲಿ ನೀರುಪಾಲು,” ಎಂದನು ಮಿಸ್ತ್ರಿ.

ಅವನು ಕ್ರ್ಯಾಂಕಿನ ಎಣ್ಣೆದಾರಿಗಳನ್ನೆಲ್ಲ ಸೀಮೆಎಣ್ಣೆಯಿಂದ ತೊಳೆದು ಗಾಳಿ ಊದಿದನು. ಸಾಣೆಯ ಪುಡಿ ಒಂದು ಕಣ ಉಳಿದರೂ ಹೊಸ ಬೇರಿಂಗನ್ನು ಅದು ಗೀಚಿಹಾಕುತ್ತದೆ. ಬೇರಿಂಗ್ ಷೆಲ್ಲಿನ ಬೆನ್ನನ್ನು ಒಣಗಿಸಿ ಒರೆಸಿದನು, ಮುಖಕ್ಕೆ ಮಾತ್ರ ಎಣ್ಣೆ ಸವರಿದನು. ಪಿಸ್ಟನ್ ರಿಂಗುಗಳ ಬಾಯಿಗಳು ಒಂದೇ ಸಾಲಿಗೆ ಬಾರದಂತೆ ತಿರುಗಿಸಿದನು. ತೆಳು ಎಣ್ಣೆ ದಿನ ಕಳೆದಂತೆ ಇಳಿದುಹೋಗುವುದರಿಂದ ಕ್ಯಾಮಿನ ಉಬ್ಬುಗಳಿಗೆ ಮಂದವಾದ ಲೇಪ ಬಳಿದನು. ಆದರೆ ತಳ ಮುಚ್ಚಿದ ಬೋಲ್ಟಿನ ಕುಳಿಗಳನ್ನು ಬಟ್ಟೆಯಿಂದ ಒರೆಸಿ ಒಣಗಿಸಿದನು. ಅಲ್ಲಿ ಎಣ್ಣೆ ನಿಂತರೆ ಬೋಲ್ಟು ಬಿಗಿಯುವಾಗ ಅದಕ್ಕೆ ಹೊರಬರಲು ದಾರಿಯಿರದೆ ಬ್ಲಾಕೇ ಬಿರಿಯಬಹುದು. ಎಣ್ಣೆಗೂ ಅತಿಯಾಗುವ ಎಡೆಯುಂಟು!

ಇಷ್ಟೆಲ್ಲ ಏತಕ್ಕೆ? ತಿರುಗುವ ಕ್ರ್ಯಾಂಕು ಬೇರಿಂಗಿನ ಮೇಲೆ ಕೂರುವುದಿಲ್ಲ; ಕೂದಲೆಳೆಗಿಂತ ತೆಳುವಾದ ಎಣ್ಣೆಯ ಪೊರೆಯ ಮೇಲೆ ತೇಲುತ್ತದೆ. ಇಂಗ್ಲೆಂಡಿನಲ್ಲಿ ಬೋಚಂ ಟವರ್ ಎಂಬಾತನು ರೈಲುಗಾಡಿಯ ಬೇರಿಂಗನ್ನು ಪರೀಕ್ಷಿಸುತ್ತ ಅದಕ್ಕೊಂದು ರಂಧ್ರ ಕೊರೆದಾಗ ಎಣ್ಣೆ ಉಕ್ಕಿಬಂದಿತು. ಮರದ ಬೆಣೆ ಬಡಿದರೆ ಅದನ್ನೂ ಹೊರಗೆ ತಳ್ಳಿತು. ಆ ಒತ್ತಡದ ಗಣಿತವನ್ನು ಆಸ್ಬೋರ್ನ್ ರೆನಾಲ್ಡ್ಸ್ 1886ರಲ್ಲಿ ವಿವರಿಸಿದನು. ಆದರೆ ಆ ಪೊರೆ ಮೂಡುವುದು ಎಂಜಿನ್ ತಿರುಗಿದ ಮೇಲೆ. ಪಂಪಿನಿಂದ ಎಣ್ಣೆ ಬಂದು ಮುಟ್ಟುವ ತನಕ ಕಾಯುವುದು ಜೋಡಿಸಿದವನ ಕೈ ಸವರಿದ ಎಣ್ಣೆಯೇ.

ಮೂರನೆಯ ದಿನ ಮಿಸ್ತ್ರಿ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿಟ್ಟು ಎಂಜಿನ್ನನ್ನು ಬರಿದೆ ತಿರುಗಿಸಿದನು. ಒತ್ತಡಮಾಪಕದ ಮುಳ್ಳು ಕದಲಲಿಲ್ಲ. ಮೇಷ್ಟ್ರು ಉಸಿರು ಬಿಗಿಹಿಡಿದರು. ಮತ್ತೊಮ್ಮೆ ತಿರುಗಿಸಿದಾಗ ಮುಳ್ಳು ನಡುಗಿ ಮೇಲೆದ್ದಿತು. ಪ್ಲಗ್ಗು ಜೋಡಿಸಿ ಕೀಲಿ ತಿರುವಿದೊಡನೆ ಎಂಜಿನ್ ಮೆಲುದನಿಯಲ್ಲಿ ಮಾತನಾಡತೊಡಗಿತು.

“ಮೊದಲು ಕೆಲವು ದಿನ ಮೆಲ್ಲಗೆ ಓಡಿಸಿ ಮೇಷ್ಟ್ರೇ, ಭಾರ ಹಾಕಬೇಡಿ, ಅವಸರ ಮಾಡಬೇಡಿ. ಆಮೇಲೆ ಈ ಎಣ್ಣೆ ಬಸಿದು ಹೊಸದು ಹಾಕೋಣ. ಒಂದಕ್ಕೊಂದು ಹೊಂದಿಕೊಳ್ಳಬೇಕಲ್ಲ!”

ಮೇಷ್ಟ್ರು ತಲೆದೂಗಿದರು. ಮಗಳ ಅತ್ತೆಮನೆಯವರಿಗೆ ಹೇಗೆ ಹೇಳುವುದೆಂದು ವಾರದಿಂದ ತಡಕಾಡುತ್ತಿದ್ದ ಮಾತು ಅವರಿಗೆ ಮದ್ದೂರಿನ ಷೆಡ್ಡಿನಲ್ಲಿ ಸಿಕ್ಕಿತ್ತು.