ವರ್ಲಿಯ ಕಪ್ಪೆ, ಕಪ್ಪು ಮರಳು

ಕಪ್ಪು ಮರಳು ನೋಡಬೇಕೆನಿಸಿದರೆ ಮುಂಬಯಿಯವರು ಬಾಲಿಗೆ ಹೋಗುತ್ತಾರೆ. ದುಡ್ಡು ಇನ್ನಷ್ಟಿದ್ದವರು ಐಸ್‌ಲ್ಯಾಂಡಿಗೆ. ಜ್ವಾಲಾಮುಖಿ ದ್ವೀಪ, ಬೆಸ್ತರ ಹಳ್ಳಿ, ಕರಿಯ ದಂಡೆ ಎಂದು ಫೋಟೊ ಹಾಕಿ ಊರವರ ಹೊಟ್ಟೆ ಉರಿಸುತ್ತಾರೆ. ಈ ಮೂರೂ ಇರುವ ಜಾಗವೊಂದನ್ನು ಏರ್‌ಪೋರ್ಟಿಗೆ ಹೋಗುವ ದಾರಿಯಲ್ಲಿ, ಸೀ ಲಿಂಕ್ ಸೇತುವೆಯ ಮೇಲೆ, ಅವರ ಟ್ಯಾಕ್ಸಿ ದಾಟಿಕೊಂಡೇ ಹೋಗಿರುತ್ತದೆ. ಅದು ವರ್ಲಿ ಕೋಳಿವಾಡ.

ಮುಂಬಯಿ ಏಳು ದ್ವೀಪಗಳ ಊರೆಂದು ಶಾಲೆಯಲ್ಲಿ ಎಲ್ಲರೂ ಓದಿದ್ದಾರೆ. ಆ ಏಳರಲ್ಲಿ ವರ್ಲಿಯೂ ಒಂದು. 18ನೆಯ ಶತಮಾನದಲ್ಲಿ ಕಡಲನ್ನು ತಡೆಯುವ ಹಾರ್ನ್‌ಬಿ ಕಟ್ಟೆ ಎದ್ದ ಮೇಲೆ ಅದರ ದ್ವೀಪತನ ಮುಗಿಯಿತು. ಅಡಿಯ ಕಲ್ಲು ಮಾತ್ರ ಬದಲಾಗಲಿಲ್ಲ. 6 ಕೋಟಿ ವರ್ಷಕ್ಕೂ ಹಿಂದೆ ದಖ್ಖನಿನ ನೆಲ ಬಿರಿದು ಹರಿದ ಲಾವಾ ಹೆಪ್ಪುಗಟ್ಟಿ ಆದ ಕರಿಗಲ್ಲು ಅದು. ಅಂಧೇರಿಯಲ್ಲಿ ಕಟ್ಟಡಗಳ ನಡುವೆ ಸುಮಾರು 60 ಮೀಟರ್ ನೆಟ್ಟಗೆ ನಿಂತಿರುವ ಗಿಲ್ಬರ್ಟ್ ಹಿಲ್ ಕೂಡ ಅದೇ ಬಳಗದ್ದು. ವರ್ಲಿಯ ಮರಳು ಅಪ್ಪಟ ಕಪ್ಪಲ್ಲ, ಕಾಡಿಗೆಗೆ ಬೂದಿ ಬೆರೆಸಿದ ಬಣ್ಣ. ಎಳ್ಳಿನಂಥ ಕಪ್ಪೇ ಬೇಕೆನ್ನುವವರಿಗೆ ಕಾರವಾರದ ಹತ್ತಿರ, ಮಾಜಾಳಿಯ ಆಚೆ ತಿಳ್‌ಮಾತಿ ಇದೆ. ಅದಕ್ಕೂ ಪಾಸ್‌ಪೋರ್ಟ್ ಬೇಡ.

ವರ್ಲಿಯ ಕಲ್ಲಿನ ಹುಚ್ಚು ಹತ್ತಿದವರು ಇಬ್ಬರು ಡಾಕ್ಟರುಗಳು. ಹೆನ್ರಿ ಕಾರ್ಟರ್ ಈಸ್ಟ್ ಇಂಡಿಯಾ ಕಂಪನಿಯ ಸರ್ಜನ್. ಸಂಬಳ ರೋಗಿಗಳನ್ನು ನೋಡುವುದಕ್ಕೆ, ಮನಸ್ಸೆಲ್ಲ ನೀರಿನ ಸ್ಪಂಜುಗಳ ಮೇಲೆ. ಆತ 1852ರಲ್ಲಿ ಮುಂಬಯಿ ದ್ವೀಪದ ನೆಲ-ಕಲ್ಲುಗಳ ಬಗ್ಗೆ ಉದ್ದನೆಯ ಲೇಖನ ಬರೆದ. ವರ್ಲಿಯಲ್ಲಿ ಒಂದು ಲಾವಾ ಹಾಸಿಗೂ ಇನ್ನೊಂದಕ್ಕೂ ನಡುವೆ ಸಿಹಿನೀರಿನ ಕೆಸರು ಕಲ್ಲಾಗಿ ಕೂತ ಪದರವಿದೆ. ಅದರಲ್ಲಿ ಪಳೆಯುಳಿಕೆಯಾಗಿ ಸಿಕ್ಕ ಆಮೆಗೆ ಕಾರ್ಟರ್ ಕೊಟ್ಟದ್ದು ಇನ್ನೊಬ್ಬ ಡಾಕ್ಟರ್ ಲೀತ್‌ನ ಹೆಸರನ್ನು. ನೂರು ವರ್ಷ ಕಳೆದ ಮೇಲೆ ಬೇರೆ ಯಾರೋ ಆ ಆಮೆಯ ಕುಲಕ್ಕೇ ಕಾರ್ಟರ್‌ನ ಹೆಸರಿಟ್ಟರು. ಹೀಗೆ ಒಂದೇ ಆಮೆಯ ಬೆನ್ನೇರಿ ಇಬ್ಬರು ಡಾಕ್ಟರುಗಳೂ ಚಿರಾಯುಗಳಾದರು.

ಕಪ್ಪೆಯ ಕತೆ ಇನ್ನೂ ಸ್ವಾರಸ್ಯದ್ದು. ಅದೇ ಪದರದಲ್ಲಿ ಸಿಕ್ಕ ಪುಟ್ಟ ಕಪ್ಪೆಗಳನ್ನು 1847ರಲ್ಲಿ ಲೋಕಕ್ಕೆ ಪರಿಚಯಿಸಿದವನು ರಿಚರ್ಡ್ ಓವನ್. ಡೈನೊಸಾರ್ ಎಂಬ ಹೆಸರನ್ನು ಟಂಕಿಸಿದವನೂ ಇವನೇ. ಮುಂಬಯಿ ಯಾರದು, ಮೊದಲು ಬಂದವರು ಯಾರು ಎಂಬ ಜಗಳ ಪ್ರತಿ ಚುನಾವಣೆಗೂ ಏಳುತ್ತದೆ. ಕನ್ನಡದವರಿಗೂ ಅದರ ಬಿಸಿ ತಟ್ಟಿದ್ದುಂಟು. ವಯಸ್ಸಿನ ಲೆಕ್ಕ ಹಿಡಿದರೆ ರೇಷನ್ ಕಾರ್ಡು ಸಿಗಬೇಕಾದದ್ದು ವರ್ಲಿಯ ಕಪ್ಪೆಗೆ.

ಮನುಷ್ಯರ ಪೈಕಿಯಾದರೆ ಕೋಳಿ ಸಮುದಾಯದ ಬೆಸ್ತರಿಗೆ. ಬಿಳಿಯರು 1675ರ ಸುಮಾರಿಗೆ ಇಲ್ಲಿ ಕೋಟೆ ಕಟ್ಟುವ ಮೊದಲೇ ಅವರ ಬಲೆ ನೀರಿಗೆ ಬಿದ್ದಿತ್ತು. ಮಲ್ಪೆ ಕಡೆಯವರಿಗೆ ಈ ಓಣಿಗಳು ಹೊಸತೆನಿಸುವುದಿಲ್ಲ. ಒಣಮೀನಿನ ವಾಸನೆ ಅದೇ, ಮೀನು ಮಾರುವ ಹೆಂಗಸರ ಗಂಟಲೂ ಅದೇ. ಶ್ರಾವಣದ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಡುವುದು ಎರಡೂ ಕಡೆ ಉಂಟು. ನಮ್ಮಲ್ಲಿ ಬಂಗುಡೆಗೆ ಇರುವ ಮರ್ಯಾದೆ ಇಲ್ಲಿ ಬೊಂಬಿಲು ಮೀನಿಗೆ, ಅಷ್ಟೇ ವ್ಯತ್ಯಾಸ.

ಆದರೆ ದಂಡೆಗಿಳಿದರೆ ಉತ್ಸಾಹ ಇಳಿಯುತ್ತದೆ. ಪ್ರತಿ ಉಬ್ಬರವೂ ಊರಿನ ಪ್ಲಾಸ್ಟಿಕ್ಕನ್ನು ಊರಿಗೇ ವಾಪಸು ತಂದು ಸುರಿಯುತ್ತದೆ. ಮರಳಿನ ಬಣ್ಣ ಕಾಣಬೇಕಾದರೆ ಕಾಲಲ್ಲಿ ಕಸ ಸರಿಸಬೇಕು. ಆಮೆಗೆ ಯಾರ ಹೆಸರು ಬಿತ್ತೋ ಅದೇ ಲೀತ್ 1864ರಲ್ಲಿ ಮುಂಬಯಿಯ ನೈರ್ಮಲ್ಯದ ಬಗ್ಗೆ ವರದಿ ಬರೆದಿದ್ದ. ಈಗ ಬಂದರೆ ಎರಡನೆಯ ಸಂಪುಟಕ್ಕೆ ಸರಕು ಸಾಕಷ್ಟಿದೆ.

ಸಮುದ್ರದ ಮೇಲೂ ದಾರಿ ಸುಗಮವಿಲ್ಲ. 2009ರಲ್ಲಿ ಸೀ ಲಿಂಕ್ ಬಂತು, ಆಮೇಲೆ ಕೋಸ್ಟಲ್ ರೋಡ್. ಈ ರಸ್ತೆಯ ಕಂಬಗಳ ನಡುವೆ ಮೊದಲು ಇಟ್ಟದ್ದು 60 ಮೀಟರ್ ಅಂತರ. ಅಲೆ ಎದ್ದ ದಿನ ದೋಣಿ ಕಂಬಕ್ಕೆ ಬಡಿಯುತ್ತದೆ, 160 ಬೇಕು ಎಂದು ಮೀನುಗಾರರು ವರ್ಷಗಟ್ಟಲೆ ಹಟ ಹಿಡಿದರು. ಕೊನೆಗೆ ಸಿಕ್ಕಿದ್ದು 120. ದೋಣಿ ನಡೆಸದವರು ದೋಣಿಯ ದಾರಿ ಅಳೆದರೆ ಆಗುವುದೇ ಹೀಗೆ.

ಹೋಗುವವರು ನೀರಿಳಿತದ ಹೊತ್ತು ನೋಡಿಕೊಂಡು ಹೋಗಿ. ಮೀನು ಆಯುತ್ತಿರುವ ಹೆಂಗಸರ ಫೋಟೊ ತೆಗೆಯುವ ಮೊದಲು ಒಂದು ಮಾತು ಕೇಳಿ. ಬರುವಾಗ ಒಣ ಬೊಂಬಿಲು ಕೊಳ್ಳಿ, ಚೌಕಾಸಿ ಮಾಡಬೇಡಿ.