ಗುರುವಾರ ರಾತ್ರಿ ಎದ್ದು ನಿಂತ 40 ಅಡಿ ನಾಯಕ!

ಶುಕ್ರವಾರ ಬೆಳಿಗ್ಗೆ ಕಟೌಟಿಗೆ ಹಾರ ಹಾಕಿ, ಹಾಲೆರೆದು, ಸೀಟಿ ಹೊಡೆದವರಲ್ಲಿ ನಾನೂ ಒಬ್ಬ. ಆದರೆ ಓದುಗ ಮಿತ್ರರೇ, ಆ ನಾಯಕ ಅಲ್ಲಿ ಎದ್ದು ನಿಲ್ಲುವುದನ್ನು ನೋಡಿದ್ದೀರಾ? ನಾನು ನೋಡಿದ್ದೇನೆ. 1980ರ ದಶಕದ ಒಂದು ಗುರುವಾರ ರಾತ್ರಿ, ಬೆಂಗಳೂರಿನ ಗಾಂಧಿನಗರದಲ್ಲಿ. ಊರಿನ ಕಡೇ ಬಸ್ಸು ತಪ್ಪಿತ್ತು, ಲಾಡ್ಜಿಗೆ ಕಾಸಿರಲಿಲ್ಲ. ಬಸ್ ಸ್ಟ್ಯಾಂಡಿನಿಂದ ಹೊರಬಿದ್ದು ಕೆಂಪೇಗೌಡ ರಸ್ತೆಯ ಕಡೆ ಹೆಜ್ಜೆ ಹಾಕಿದೆ.

ಸೆಕೆಂಡ್ ಷೋ ಬಿಟ್ಟಿತ್ತು. ಒಂದೇ ಆವರಣದ ಸಂತೋಷ್, ನರ್ತಕಿ, ಸಪ್ನಾ ಮುಂದಿನ ಜನ ಕರಗಿದ್ದರು. ಇನ್ನೊಂದು ಥಿಯೇಟರಿನ ಎದುರು (ಹೆಸರು ಬೇಡ ಬಿಡಿ) ಲಾರಿ ನಿಂತಿತ್ತು. ಅದರಲ್ಲಿ ಮಲಗಿದ್ದವರು ಯಾರು ಅಂತೀರಿ? ನಮ್ಮ ನಾಯಕರೇ! ಕಾಲು ಬೇರೆ, ಎದೆ ಬೇರೆ, ತಲೆ ಬೇರೆ. ರೀಪರಿನ ಚೌಕಟ್ಟಿಗೆ ಪ್ಲೈವುಡ್ ಹೊಡೆದು, ಪುಟ್ಟ ಫೋಟೋದ ಮೇಲೆ ಗೆರೆ ಎಳೆದು, ಚೌಕ ಚೌಕವಾಗಿ ದೊಡ್ಡದು ಮಾಡಿ ಬರೆದ ಮುಖ. ಹತ್ತಿರದಿಂದ ಬರೇ ಬಣ್ಣದ ತೇಪೆ. ರಸ್ತೆಯಾಚೆ ನಿಂತರೆ ಅದೇ ನಗು!

ಮೇಸ್ತ್ರಿ ಐವತ್ತರ ಸಣಕಲು ಮನುಷ್ಯ. ಆ ಮುಖವನ್ನು ಅವನು ತಿರುಗಿಯೂ ನೋಡಲಿಲ್ಲ. ಮೇಲೆ ನೋಡಿದ. "ಕಂಬ ಉರುಳಿದ್ರೂ ತುದಿ ಕರೆಂಟ್ ತಂತಿಗೆ ತಾಕಬಾರ್ದು" ಅಂತ ಹೆಜ್ಜೆಯಲ್ಲಿ ಅಳೆದು, ಗುಂಡಿ ತೋಡುವ ಜಾಗವನ್ನೇ ಹಿಂದಕ್ಕೆ ಸರಿಸಿದ.

ಹಾರೆ ಬಿತ್ತು, ಸರ್ವೆ ಕಂಬ ನಿಂತವು. ಬಕೆಟ್ಟಿನಲ್ಲಿ ನಾರಿನ ಹಗ್ಗ ನೆನೆಯುತ್ತಿತ್ತು. ಒಣ ಹಗ್ಗ ಗಡಸು. ನೆನೆದದ್ದು ಕಂಬಕ್ಕೆ ಒತ್ತಿ ಕೂರುತ್ತೆ.

"ಮೊಳೆ ಹೊಡಿಯಲ್ವಾ ಅಣ್ಣಾ?"

"ಕಂಬ ಬಾಡಿಗೇದು ತಮ್ಮಾ, ಮೊಳೆ ಹೊಡೆದ್ರೆ ಸೀಳ್ತದೆ. ಅಲ್ದೆ ಗಾಳಿ ಬಂದ್ರೆ ಹಗ್ಗ ಒಸಿ ಬಗ್ಗಿಕೊಡ್ತದೆ. ಮೊಳೆ ಕಿತ್ಕೊಂಡೇ ಬರ್ತದೆ."

ಕಾಲು ನಿಂತಿತು, ಎದೆ ನಿಂತಿತು. ತೂಕದ ಗುಂಡು ಇಳಿಬಿಟ್ಟು ನೆಟ್ಟಗಿದೆಯೇ ನೋಡಿದ. ರಾಟೆಯಲ್ಲಿ ತಲೆ ಏರತೊಡಗಿತು. ಅದು ಗಾಳಿಗೆ ತಿರುಗದಂತೆ ಕೆಳಗಿಂದ ಇನ್ನೊಂದು ಹಗ್ಗ. ಜನ ಸಾಲದೆ ಅದರ ತುದಿ ನನ್ನ ಕೈಗೇ ಬಂತು! ಮೇಲೆ ಕಂಬದ ತುದಿಯಲ್ಲಿ ಹದಿನೆಂಟರ ಹುಡುಗ. ಬೆಲ್ಟಿಲ್ಲ, ಏನಿಲ್ಲ.

ಗಾಳಿ ಎದ್ದಿತು. ಗಾಳಿಯ ವೇಗ ಎರಡರಷ್ಟಾದರೆ ಹಲಗೆಗೆ ಅದರ ಹೊಡೆತ ನಾಲ್ಕರಷ್ಟು. ತಲೆ ಗಾಳಿಪಟದಂತೆ ಗಿರ್ರನೆ ತಿರುಗಿ ಹುಡುಗನ ಕಡೆಗೆ ಹೋಯಿತು. "ಬಿಡಬ್ಯಾಡ್ರಲಾ!" ಹಗ್ಗ ಅಂಗೈ ಸುಲಿಯಿತು. ಹುಡುಗ ಕಂಬ ತಬ್ಬಿ ಕಣ್ಣು ಮುಚ್ಚಿದ್ದ. ಹೇಗೋ ತಲೆ ಕೆಳಗಿಳಿಸಿದೆವು.

ಮ್ಯಾನೇಜರ್ ಹಾರಾಡಿದ: "ಬೆಳಿಗ್ಗೆ ಷೋಗೆ ತಲೆ ಇರ್ಬೇಕು!"

"ಗಾಳಿ ನಿಂತ್ಮೇಲೆ ಏರಿಸ್ತೀನಿ ಸಾರ್. ತಲೆ ಇಲ್ದಿದ್ರೆ ಪಿಚ್ಚರ್ ಓಡಲ್ವಾ? ನಮ್ ಹುಡ್ಗನ ತಲೆ ಹೋದ್ರೆ ಎಲ್ಲಿಂದ ತರ್ಲಿ?" ಅಂದವನೇ ಮೇಸ್ತ್ರಿ ಬೀಡಿ ಹಚ್ಚಿದ. ನಾಲ್ಕೂವರೆಯವರೆಗೂ ನಾಯಕರು ತಲೆಯಿಲ್ಲದೆ ನಿಂತಿದ್ದರು!

ಆಮೇಲೆ ಫ್ಲೆಕ್ಸ್ ಬಂತು. ಬರೆಯುವ ಕೈ ಬೇಡವಾಯಿತು, ಕಟ್ಟುವುದಕ್ಕೂ ಊರೂರಲ್ಲಿ ಅಭಿಮಾನಿ ಹುಡುಗರೇ ನಿಂತರು. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿಯಲ್ಲಿ ನೆಚ್ಚಿನ ನಟನ ಹುಟ್ಟುಹಬ್ಬಕ್ಕೆ ನಡುರಾತ್ರಿ ಕಟೌಟು ನಿಲ್ಲಿಸುವಾಗ ವಿದ್ಯುತ್ ತಗುಲಿ ಮೂವರು ಹುಡುಗರು ಸತ್ತರು. ಪೇಪರು ಓದಿ ಮಡಚಿಟ್ಟೆ. ಅವತ್ತು ಮೇಸ್ತ್ರಿ ಮೊದಲು ಮೇಲೆ ನೋಡಿದ್ದೇ ಕಣ್ಣ ಮುಂದೆ ಬಂತು.

ಬೆಳಗಾಗುವ ಹೊತ್ತಿಗೆ ತಲೆ ಕೂತಿತು. ಹಾರ ಹೊತ್ತ ಹುಡುಗರು ಬಂದೇಬಿಟ್ಟರು.

"ಪಿಚ್ಚರ್ ನೋಡ್ತೀರಾ ಅಣ್ಣಾ?"

"ನಿದ್ದೆ ಬರ್ತೈತೆ ತಮ್ಮಾ" ಅಂದ ಮೇಸ್ತ್ರಿ ಲಾರಿ ಹತ್ತಿ, ರಾತ್ರಿ ನಾಯಕರ ತಲೆಯಿದ್ದ ಜಾಗದಲ್ಲೇ ಮುಸುಕೆಳೆದು ಮಲಗಿಬಿಟ್ಟ. ಪಕ್ಕದಲ್ಲಿ ಆ ಹುಡುಗ ಆಗಲೇ ಗೊರಕೆ ಹೊಡೆಯುತ್ತಿದ್ದ.