ಕೊರಳ ಗ್ರಂಥಿಯೂ ದೂರದ ವೈದ್ಯರೂ

ದೇಹದ ಕೆಲವು ಅಂಗಗಳು ತಮ್ಮ ಇರವನ್ನು ತಾವೇ ಸಾರಿಕೊಳ್ಳುವುವು. ಹೃದಯವು ಬಡಿದು ತಿಳಿಸುವುದು. ಜಠರವು ಹಸಿದು ಕೂಗುವುದು. ಹಲ್ಲು ನೊಂದರೆ ಮನೆಮಂದಿಗೆಲ್ಲ ಗೊತ್ತಾಗುವುದು. ಆದರೆ ಕೊರಳಿನ ಮುಂಭಾಗದಲ್ಲಿ, ಗಂಟಲಮಣಿಗೆ ತುಸು ಕೆಳಗೆ, ರೆಕ್ಕೆ ಬಿಚ್ಚಿ ಕುಳಿತ ಪಾತರಗಿತ್ತಿಯಂತೆ ಶ್ವಾಸನಾಳವನ್ನು ತಬ್ಬಿಕೊಂಡಿರುವ ಥೈರಾಯಿಡ್ ಗ್ರಂಥಿಯ ಸ್ವಭಾವವೇ ಬೇರೆ. ತಾನು ಕೆಟ್ಟರೂ ತಾನು ಬಾಯಿ ಬಿಡದೆ, ಅದು ಇತರ ಅಂಗಗಳಿಂದ ದೂರು ಹೇಳಿಸುವುದು. ಆದುದರಿಂದಲೇ ಈ ರೋಗವುಳ್ಳವರನ್ನು ಸೋಮಾರಿಗಳೆಂದೋ ಮುಂಗೋಪಿಗಳೆಂದೋ ಜನರು ಬಗೆಯುವುದುಂಟು.

ಥೈರಾಯಿಡ್ ಎಂಬುದು ಗ್ರೀಕ್ ಮೂಲದ ಪದ. ಗುರಾಣಿಯ ಆಕಾರವುಳ್ಳದ್ದು ಎಂದು ಅರ್ಥ. ಇದನ್ನು ಅನುಸರಿಸಿ ಕನ್ನಡದಲ್ಲಿ ಗುರಾಣಿ ಗ್ರಂಥಿ ಎಂದು ಕರೆದಿದ್ದಾರೆ. ಹಿಂದಿಯವರು ಅವಟು ಗ್ರಂಥಿ ಎನ್ನುವರು. ಆದರೆ ಸಂಸ್ಕೃತದಲ್ಲಿ ಅವಟು ಎಂದರೆ ಕತ್ತಿನ ಹಿಂಬದಿ, ಗ್ರಂಥಿಯಿರುವುದೋ ಮುಂಬದಿಯಲ್ಲಿ! ಹೆಸರು ಏನೇ ಇರಲಿ, ಆಹಾರದಲ್ಲಿನ ಅಯೋಡಿನ್ನನ್ನು ಹೀರಿಕೊಂಡು, ದೇಹದ ಸಕಲ ವ್ಯಾಪಾರಗಳ ವೇಗವನ್ನು ನಿಯಮಿಸುವ ರಸವನ್ನು ರಕ್ತಕ್ಕೆ ಬಿಡುವುದು ಇದರ ಕೆಲಸ. ಈ ರಸವು ಕಡಮೆಯಾದರೆ ಆಯಾಸ, ಚಳಿ, ಮಲಬದ್ಧತೆ, ಒಣಚರ್ಮ, ತೂಕದ ಏರಿಕೆ, ಮರೆವು ತೋರುವುವು. ಹೆಚ್ಚಾದರೆ ಎದೆಬಡಿತ, ಕೈನಡುಕ, ಸೆಕೆ, ತೂಕದ ಇಳಿಕೆ. ಪುರುಷರಿಗಿಂತ ಸ್ತ್ರೀಯರಲ್ಲಿ ಈ ವಿಕಾರವು ಹೆಚ್ಚು.

ಗಳಗಂಡದ ಲಕ್ಷಣಗಳನ್ನು ಸುಶ್ರುತ ಸಂಹಿತೆಯು ಬಣ್ಣಿಸಿದೆ. ಆದರೆ ಕುಂದಿದ ರಸವನ್ನು ಹೊರಗಿನಿಂದ ತುಂಬಿಕೊಡುವ ಉಪಾಯವು ಈಚಿನದು. 1891ರಲ್ಲಿ ಇಂಗ್ಲೆಂಡಿನ ಮರ್ರೆ ಎಂಬ ವೈದ್ಯನು ಕುರಿಯ ಗ್ರಂಥಿಯ ಸಾರವನ್ನು ಕೊಟ್ಟು ಒಬ್ಬ ಹೆಂಗಸನ್ನು ಉಳಿಸಿದನು; ಆಕೆ ಆಮೇಲೆ 28 ವರ್ಷ ಬದುಕಿದ್ದಳು. 1914ರಲ್ಲಿ ಅಮೆರಿಕದ ಕೆಂಡಾಲ್ ಆ ರಸವನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದನು. 1927ರ ವೇಳೆಗೆ ಅದನ್ನು ರಸಾಯನಶಾಲೆಯಲ್ಲಿಯೇ ತಯಾರಿಸುವ ಮಾರ್ಗವೂ ತಿಳಿಯಿತು. ಈಗಿನ ಲಿವೊಥೈರಾಕ್ಸಿನ್ ಮಾತ್ರೆಯ ಔಷಧವು ಹೀಗೆ ತಯಾರಾದುದು. ಕುರಿಯ ಶಂಕೆಯಿಂದ ಅದನ್ನು ದೂರವಿಡಬೇಕಾಗಿಲ್ಲ.

ಮಾತ್ರೆಯು ಚಿಕ್ಕದು, ಬೆಲೆಯೂ ಅಲ್ಪ. ಆದರೆ ಅದರ ನಿಯಮ ಮಾತ್ರ ಕಠಿನ. ಬೆಳಿಗ್ಗೆ ಬರಿಯ ಹೊಟ್ಟೆಯಲ್ಲಿ ಬರಿಯ ನೀರಿನೊಡನೆ ನುಂಗಬೇಕು. ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಕಾಫಿಯಾಗಲಿ ತಿಂಡಿಯಾಗಲಿ ಕೂಡದು. ಕಬ್ಬಿಣ ಮತ್ತು ಸುಣ್ಣದ ಅಂಶದ ಮಾತ್ರೆಗಳಿದ್ದರೆ ನಾಲ್ಕು ಗಂಟೆಗಳ ಅಂತರವಿರಬೇಕು. ಪ್ರಮಾಣವನ್ನು ಬದಲಿಸಿದರೆ ಆರರಿಂದ ಎಂಟು ವಾರಗಳ ತರುವಾಯ ರಕ್ತದ ಟಿ.ಎಸ್.ಎಚ್. ಪರೀಕ್ಷೆಯನ್ನು ಮಾಡಿಸಬೇಕು, ಅದಕ್ಕೆ ಮುಂಚೆ ಮಾಡಿಸಿದರೆ ಅಂಕಿಯು ನಿಜವನ್ನು ಹೇಳದು. ಹೀಗೆ ಬಹುಮಂದಿಗೆ ಆಜೀವಪರ್ಯಂತ ನಡೆಯಬೇಕಾದ ವ್ರತವಿದು. ತಜ್ಞರು ನೂರು ಮೈಲಿಯಾಚೆ ಇದ್ದರೆ ವ್ರತವು ಎಷ್ಟು ದಿನ ನಡೆದೀತು?

ಇಲ್ಲಿಯೇ ದೂರವೈದ್ಯದ ಉಪಕಾರವು ಕಾಣುವುದು. 2020ನೆಯ ಇಸವಿ ಮಾರ್ಚ್ 25ರಂದು ನಮ್ಮ ದೇಶದಲ್ಲಿ ದೂರದಿಂದ ಚಿಕಿತ್ಸೆ ಮಾಡುವ ವೈದ್ಯರಿಗೆ ನಿಯಮಾವಳಿಯು ಪ್ರಕಟವಾಯಿತು. ಮರುತಿಂಗಳೇ ಕೇಂದ್ರ ಸರ್ಕಾರದ ಇ-ಸಂಜೀವನಿಯು ರೋಗಿಯು ಮನೆಯಲ್ಲಿಯೇ ಕುಳಿತು ವೈದ್ಯರನ್ನು ಕಾಣುವ ಏರ್ಪಾಡನ್ನು ತೆರೆಯಿತು. ಅಂದು ಹನುಮಂತನು ಸಂಜೀವನಿಗಾಗಿ ಪರ್ವತವನ್ನೇ ಹೊತ್ತು ತಂದನು. ಇಂದು ಅಂಗೈಯಗಲದ ಮೊಬೈಲು ಆ ಭಾರವನ್ನು ಹೊರುತ್ತಿದೆ. ಈ ರೋಗಕ್ಕಂತೂ ಇದು ಚೆನ್ನಾಗಿ ಹೊಂದುವುದು. ರೋಗವು ಒಮ್ಮೆ ನಿಶ್ಚಯವಾದ ಮೇಲೆ ವೈದ್ಯರಿಗೆ ಮುಖ್ಯವಾಗಿ ಬೇಕಾದುವು ರಕ್ತಪರೀಕ್ಷೆಯ ಅಂಕಿ ಮತ್ತು ರೋಗಿಯ ಸತ್ಯವಾದ ಮಾತು. ಇವೆರಡೂ ತಂತಿಯಿಲ್ಲದೆ ದೂರ ಹೋಗಬಲ್ಲುವು.

ನಮ್ಮ ಮನೆಯಲ್ಲಿಯೇ ಇದರ ಪರೀಕ್ಷೆಯಾಯಿತು. ನಾವಿರುವುದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಶಿವಮೊಗ್ಗಕ್ಕೆ 60 ಕಿಲೋಮೀಟರಿಗಿಂತ ಹೆಚ್ಚು ದೂರ. ನಮ್ಮ ಸೊಸೆಯು ಮೂರು ವರ್ಷಗಳಿಂದ ಈ ಮಾತ್ರೆಯನ್ನು ಸೇವಿಸುತ್ತಿದ್ದಳು. ಶಿವಮೊಗ್ಗದ ತಜ್ಞೆಯೊಬ್ಬರು ಆಕೆಯನ್ನು ಮೊದಲು ಕಣ್ಣಾರೆ ಕಂಡು ಪರೀಕ್ಷಿಸಿದ್ದರು. ಕಳೆದ ವರ್ಷ ಆಷಾಢದ ಮಳೆಯಲ್ಲಿ ಮರಗಳುರುಳಿ ದಾರಿ ಕಟ್ಟಿದ್ದಾಗ, ಆಕೆಯು ಗರ್ಭಿಣಿಯೆಂದು ತಿಳಿಯಿತು. ಸಂತೋಷದ ಬೆನ್ನಿಗೇ ಚಿಂತೆಯೂ ಬಂದಿತು. ನೆರೆಮನೆಯ ಹಿರಿಯಮ್ಮನವರು, "ಬಸುರಿಯಾದವಳು ಇಂಗ್ಲಿಷ್ ಮಾತ್ರೆ ನುಂಗಬಾರದು, ಮಗುವಿಗೆ ಉಷ್ಣವಾಗುತ್ತದೆ; ಇವತ್ತೇ ಬಿಟ್ಟುಬಿಡಲಿ" ಎಂದರು. ಅವರು ಹತ್ತು ಬಾಣಂತನ ಕಂಡವರು. ಮಾತಿನಲ್ಲಿ ಪ್ರೀತಿಯಲ್ಲದೆ ಬೇರೇನೂ ಇರಲಿಲ್ಲ. ಸೊಸೆಯು ಮಾತ್ರೆಯ ಡಬ್ಬಿಯನ್ನು ಕೈಯಲ್ಲಿ ಹಿಡಿದು, "ಮಾವ, ಏನು ಮಾಡಲಿ?" ಎಂದು ಕೇಳಿದಳು. "ಡಾಕ್ಟರನ್ನು ಕೇಳದೆ ಏನೂ ಮಾಡುವುದು ಬೇಡಮ್ಮ" ಎಂದೆವು.

ಅಂದು ಸಂಜೆಯೇ ತಜ್ಞೆಯು ಮೊಬೈಲಿನ ಪರದೆಯಲ್ಲಿ ದೊರೆತರು. ನಮ್ಮ ಮನೆಯವರು ಮೊದಲು ಕೇಳಿದ್ದೇ, "ಡಾಕ್ಟರಮ್ಮ, ಮಾತ್ರೆಯಿಂದ ಮಗುವಿಗೆ ಕೇಡಿಲ್ಲವೆ?" ಎಂದು. ಆಕೆಯು ನಕ್ಕು ಹೇಳಿದರು: "ಅಮ್ಮ, ಮಾತ್ರೆಯಿಂದ ಕೇಡಿಲ್ಲ, ಬಿಟ್ಟರೆ ಕೇಡು. ಇದು ದೇಹವೇ ತಯಾರಿಸಬೇಕಾಗಿದ್ದ ರಸ. ಮಗುವಿನ ಗ್ರಂಥಿಯು ಇನ್ನೂ ಕೆಲಸಕ್ಕೆ ತೊಡಗಿಲ್ಲ. ಮೊದಲ ತಿಂಗಳುಗಳಲ್ಲಿ ಅದರ ಮಿದುಳಿನ ಬೆಳವಣಿಗೆಗೆ ತಾಯಿಯ ರಸವೇ ಆಧಾರ. ಈಗ ಕಡಮೆ ಮಾಡುವ ಮಾತಿರಲಿ, ಹೆಚ್ಚಿಸಬೇಕು." ವಾರಕ್ಕೆ ಏಳಿದ್ದ ಮಾತ್ರೆಯನ್ನು ಒಂಬತ್ತಕ್ಕೆ ಏರಿಸಿ, ತಡಮಾಡದೆ ರಕ್ತಪರೀಕ್ಷೆ ಮಾಡಿಸಲು ಬರೆದುಕೊಟ್ಟರು. ಇದು ಆಕೆಯ ರೋಗವನ್ನು ಬಲ್ಲ ವೈದ್ಯೆಯು ಆಕೆಗಾಗಿ ಹೇಳಿದ ಪ್ರಮಾಣವೆಂಬುದನ್ನು ವಾಚಕರು ಮರೆಯಬಾರದು, ಮತ್ತೊಬ್ಬರು ಅನುಕರಿಸತಕ್ಕದ್ದಲ್ಲ.

ಎರಡು ದಿನಗಳಲ್ಲಿ ದಾರಿ ತೆರೆಯಿತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ರಕ್ತದಲ್ಲಿ ಟಿ.ಎಸ್.ಎಚ್. 5.8 ಇದ್ದಿತು, 2.5ರ ಒಳಗಿರಬೇಕೆಂದು ವೈದ್ಯೆಯ ಅಪೇಕ್ಷೆ. ಆಗ ಆಕೆಯು ಮನೆಯ ದಿನಚರಿಯನ್ನೆಲ್ಲ ವಿಚಾರಿಸಿದರು. ಆರೋಗ್ಯ ಕೇಂದ್ರದಲ್ಲಿ ಕೊಟ್ಟಿದ್ದ ಕಬ್ಬಿಣದ ಮಾತ್ರೆಯು ತಿಂಡಿಯ ಹೊತ್ತಿಗೇ ಹೋಗುತ್ತಿದ್ದುದೂ ಅತ್ತೆಯ ಪ್ರೀತಿಯ ಕಾಫಿಯು ಹಾಸಿಗೆ ಸುತ್ತುವುದರೊಳಗೇ ಬರುತ್ತಿದ್ದುದೂ ಹೊರಬಿದ್ದಿತು. ಕಾಫಿಯನ್ನು ಒಂದು ಗಂಟೆ ಮುಂದಕ್ಕೆ ದೂಡಿದೆವು. ಕಬ್ಬಿಣವು ರಾತ್ರಿಯ ಊಟದ ಕಡೆಗೆ ಹೋಯಿತು. ನಮ್ಮ ಪಾಲಿಗೆ ಹಳೆಯ ಕಸುಬೇ ಬಂದಿತು: ಹಾಜರಿ ಪುಸ್ತಕದಂತೆ ಒಂದು ನೋಟುಬುಕ್ಕಿನಲ್ಲಿ ದಿನಾಂಕ, ಮಾತ್ರೆ, ತೂಕ, ನಾಡಿಯ ಎಣಿಕೆ, ಪರೀಕ್ಷೆಯ ಅಂಕಿ, ಇವನ್ನು ಬರೆದಿಟ್ಟೆವು. ನಾಲ್ಕು ವಾರಗಳ ತರುವಾಯ ಅಂಕಿಯು 2.1ಕ್ಕೆ ಇಳಿಯಿತು. ಗರ್ಭದ ಅರ್ಧ ಅವಧಿಯವರೆಗೆ ನಾಲ್ಕು ವಾರಗಳಿಗೊಮ್ಮೆ ಪರೀಕ್ಷೆ ನಡೆಯಿತು. ಹೆರಿಗೆಯ ವೈದ್ಯರನ್ನು ಮಾತ್ರ ಪ್ರತಿ ತಿಂಗಳೂ ಎದುರಿಗೇ ಕಂಡೆವು. ಫಾಲ್ಗುಣದಲ್ಲಿ ಹೆಣ್ಣುಮಗು ಹುಟ್ಟಿತು. ಕೆಲವು ದಿನಗಳಲ್ಲಿ ಮಗುವಿನ ರಕ್ತವನ್ನೂ ಪರೀಕ್ಷಿಸಿ, ಗ್ರಂಥಿಯು ಸರಿಯಾಗಿದೆಯೆಂದು ತಿಳಿಸಿದರು. ಸೊಸೆಯ ಮಾತ್ರೆಯು ಮೊದಲಿನ ಪ್ರಮಾಣಕ್ಕೆ ಹಿಂದಿರುಗಿತು. ನೆರೆಯ ಹಿರಿಯಮ್ಮನವರೇ ಎಣ್ಣೆನೀರು ಎರೆದರು.

ಹಾಗೆಂದು ಪರದೆಯು ಎಲ್ಲವನ್ನೂ ಕಾಣಬಲ್ಲುದೆಂದಲ್ಲ. ನಮ್ಮ ನಿವೃತ್ತ ಸಹೋದ್ಯೋಗಿಯೊಬ್ಬರು ಕೊರಳಲ್ಲಿ ಸಣ್ಣ ಗಂಟು ತೋರಿದಾಗ ಅದೇ ಮಾರ್ಗವನ್ನು ಹಿಡಿದರು. ವೈದ್ಯೆಯು, "ಇದನ್ನು ಕೈಯಿಂದ ಮುಟ್ಟಿ ನೋಡಬೇಕು, ಸ್ಕ್ಯಾನ್ ಮಾಡಿಸಬೇಕು, ಇಲ್ಲಿಂದ ಔಷಧ ಬರೆಯಲಾರೆ" ಎಂದು ಸ್ಪಷ್ಟವಾಗಿ ಹೇಳಿಬಿಟ್ಟರು. ಹಾಗೆ ಹೇಳಬಲ್ಲವರೇ ಒಳ್ಳೆಯ ದೂರವೈದ್ಯರು. ಗಂಟು, ನುಂಗುವುದಕ್ಕೂ ಉಸಿರಾಟಕ್ಕೂ ತೊಡಕು, ತಾಳ ತಪ್ಪಿದ ಎದೆಬಡಿತ, ಮೈ ತಣ್ಣಗಾಗಿ ಮಂಪರು ಕವಿಯುವುದು, ಇವು ಕಂಡರೆ ಮೊಬೈಲನ್ನು ಕೆಳಗಿಟ್ಟು ಆಸ್ಪತ್ರೆಗೆ ಹೊರಡಬೇಕು. ರಸವು ಹೆಚ್ಚಾದವರು ಕಾರ್ಬಿಮಜೋಲ್ ಎಂಬ ಮಾತ್ರೆಯನ್ನು ಸೇವಿಸುತ್ತಿರುವಾಗ ಜ್ವರವೂ ಗಂಟಲುನೋವೂ ಬಂದರೆ, ಅದನ್ನು ಬರಿಯ ನೆಗಡಿಯೆನ್ನದೆ ಆ ದಿನವೇ ವೈದ್ಯರಿಗೆ ತೋರಿಸಿ ರಕ್ತವನ್ನು ಪರೀಕ್ಷಿಸಿಕೊಳ್ಳಬೇಕು.

ಗೃಹಸ್ಥರು ನೆನಪಿಡಬೇಕಾದುದು ಇಷ್ಟೆ. ಚೀಟಿಯಲ್ಲಿ ವೈದ್ಯರ ಹೆಸರೂ ನೋಂದಣಿ ಸಂಖ್ಯೆಯೂ ಇವೆಯೆ ಎಂದು ನೋಡಬೇಕು. ನಿಯಮಾವಳಿಯು ಅದನ್ನು ವಿಧಿಸಿದೆ. ಥೈರಾಯಿಡ್ಡನ್ನು ಬೇರುಸಹಿತ ಕೀಳುವೆವೆಂದು ಪುಡಿ ಮಾರುವವರನ್ನು ನಂಬಬಾರದು. ಹಳೆಯ ವರದಿಗಳನ್ನು ಒಂದೆಡೆ ಜೋಡಿಸಿಟ್ಟಿರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಕೇಳಿದ ಪ್ರಶ್ನೆಗೆ ನಿಜವನ್ನೇ ಹೇಳಬೇಕು. ಮಾತ್ರೆ ತಪ್ಪಿದ್ದರೆ ತಪ್ಪಿತೆನ್ನಬೇಕು. ಎದುರಿಗಿರುವ ವೈದ್ಯರು ಮುಖ ನೋಡಿ, ನಾಡಿ ಹಿಡಿದು ಅರಿತಾರು; ದೂರದಲ್ಲಿರುವವರಿಗೆ ನಮ್ಮ ಮಾತೇ ನಾಡಿ. ಆ ನಾಡಿಯನ್ನು ಸರಿಯಾಗಿ ಒಪ್ಪಿಸುವುದು ಮನೆಯವರ ಕರ್ತವ್ಯ.